ಪುಟದ ಹದ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಉತ್ತರ ದಕ್ಷಿಣವಾಗಿ ನೇರವಾಗಿ ಹಾದುಹೋಗುತ್ತದೆ. ಅದಕ್ಕೆ ಸಮಾಂತರವಾಗಿ ಮಾರ್ಗೋಸಾ ರಸ್ತೆಯಿದೆ; ಮಾರ್ಗೋಸಾ ಎಂದರೆ ಬೇವು. ಸಂಪಿಗೆ, ಬೇವುಗಳ ಹೆಸರನ್ನು ಹೊತ್ತ ಈ ಜೋಡಿ ರಸ್ತೆಗಳನ್ನು ಒಂದರ ಅನಂತರ ಒಂದರಂತೆ ಅಡ್ಡರಸ್ತೆಗಳು ಕತ್ತರಿಸುತ್ತವೆ. ಅಡ್ಡರಸ್ತೆಗಳಿಗೆ ಹೆಸರುಗಳಿಗಿಂತ ಅಂಕಿಗಳೇ ಗುರುತು. ೮ನೆಯ ಅಡ್ಡರಸ್ತೆಯನ್ನು ಕಂಡವನಿಗೆ ೧೫ನೆಯದನ್ನು ಯಾರೂ ಕೈಹಿಡಿದು ತೋರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಬಡಾವಣೆಯಿದು. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಗಾಳಿ ಬೆಳಕಿಲ್ಲದೆ ವಾಸಿಸುತ್ತಿದ್ದವರಿಗೆ ಬೇರೆ ನೆಲೆ ಬೇಕಾಯಿತು. ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೇಗ ಬೆಳೆದುದು ಆ ಕಾರಣದಿಂದ. ಮನೆಮನೆಯ ನಡುವೆ ಅಂತರ, ರಸ್ತೆಗೆ ಅಗಲ, ಬದಿಯಲ್ಲಿ ಮರ, ಹೊಸಬನಿಗೂ ದಾರಿ ತಿಳಿಯುವಂತಹ ಕ್ರಮ — ಇವು ಅಲಂಕಾರಕ್ಕಾಗಿ ಬಂದವುಗಳಲ್ಲ. ಜನರು ಉಸಿರಾಡಬೇಕೆಂದು ಬಂದವು.

ಬರೆದ ಪುಟವೂ ಒಂದು ಬಡಾವಣೆಯೇ. ಅಲ್ಲಿ ಅಕ್ಷರಗಳು ವಾಸಿಸುತ್ತವೆ, ಸಾಲುಗಳು ರಸ್ತೆಗಳಾಗುತ್ತವೆ, ಓದುಗನು ಅದರೊಳಗೆ ಮೊದಲ ಬಾರಿಗೆ ಕಾಲಿಡುವ ಹೊಸಬ. ಅವನು ದಾರಿ ತಪ್ಪದೆ, ಆಯಾಸಪಡದೆ ಕೊನೆಯವರೆಗೆ ನಡೆದುಹೋಗುವಂತಿದ್ದರೆ ಆ ಪುಟ ಚೆನ್ನಾಗಿದೆಯೆಂದು ಅರ್ಥ. "ಕನ್ನಡ ಓದುವುದು ಕಷ್ಟ, ಕಣ್ಣು ನೋಯುತ್ತದೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆನ್ನುವವರ ಕೈಯಲ್ಲಿರುವ ಹಾಳೆಯನ್ನು ಒಮ್ಮೆ ನೋಡಬೇಕು. ಸಾಲಿಗೆ ಸಾಲು ಅಂಟಿಕೊಂಡಿರುತ್ತದೆ. ಒತ್ತಕ್ಷರದ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿರುತ್ತದೆ. ಅಂಚಿನಲ್ಲಿ ಬೆರಳಿಡಲು ಎಡೆಯಿರುವುದಿಲ್ಲ. ಪುಟದ ದೋಷವನ್ನು ಲಿಪಿಯ ಮೇಲೆ, ಲಿಪಿಯ ದೋಷವೆಂದು ಭಾಷೆಯ ಮೇಲೆ ಹೊರಿಸುವುದು ಹೀಗೆಯೇ. ಕಣ್ಣು ಸೋತ ಓದುಗನು ಪುಟವನ್ನು ಮಡಿಸಿಡುತ್ತಾನೆ. ಮುಂದೆ ಇನ್ನೊಂದು ಭಾಷೆಯ ಪುಟವನ್ನು ತೆರೆಯುತ್ತಾನೆ. ಆದುದರಿಂದ ಕನ್ನಡದ ಪುಟವನ್ನು ಹೇಗೆ ಅಣಿಗೊಳಿಸಬೇಕು ಎಂಬುದು ಅಂದಚೆಂದದ ಪ್ರಶ್ನೆಯಷ್ಟೇ ಅಲ್ಲ.

ಹಿಂದಿನ ಕಾಲದಲ್ಲಿ ಬರೆಹ ಹೇಗಿತ್ತು ಎಂಬುದನ್ನು ತಿಳಿಯಲು ಸಂಪಿಗೆ ರಸ್ತೆಯಿಂದ ದೂರ ಹೋಗಬೇಕಾಗಿಲ್ಲ. ಬಡಾವಣೆಗೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರ ದೇವಾಲಯದ ಬಳಿ ೧೬೬೯ರ ಶಾಸನವೊಂದಿದೆ. ಶಿವಾಜಿಯ ಮಲತಮ್ಮನಾದ ಏಕೋಜಿಯು ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಕೊಟ್ಟ ಸಂಗತಿ ಅದರಲ್ಲಿದೆ. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಪದಕ್ಕೂ ಪದಕ್ಕೂ ನಡುವೆ ತೆರಪಿರುವುದಿಲ್ಲ. ಬಂಡೆಯ ಮೇಲೆ ಎಷ್ಟು ಸ್ಥಳವಿದೆಯೋ ಅಷ್ಟೂ ಅಕ್ಷರಗಳಿಂದ ತುಂಬಿರುತ್ತದೆ. ಪದ ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಆರಂಭವಾಯಿತು ಎಂಬುದನ್ನು ಓದುವವನೇ ಗ್ರಹಿಸಬೇಕು. ಓಲೆಗರಿಯ ಗ್ರಂಥಗಳದ್ದೂ ಇದೇ ರೀತಿ. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದು, ಮಸಿ ಸವರಿ ಒರೆಸಿದಾಗ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತಿದ್ದವು. ಪದ್ಯವಾದರೂ ಗದ್ಯದಂತೆಯೇ ಒಂದೇ ಸಮನೆ ಸಾಗುತ್ತಿತ್ತು. ಮುಗಿದೆಡೆ ಒಂದು ಗೆರೆ, ಒಂದು ಅಂಕಿ, ಅಷ್ಟೆ. ಗರಿ ದುರ್ಲಭ, ಕೊರೆಯುವ ಶ್ರಮ ಹೆಚ್ಚು. ತೆರಪು ಬಿಡುವುದು ದುಂದುಗಾರಿಕೆಯೆನಿಸಿದ್ದರೆ ಆಶ್ಚರ್ಯವಿಲ್ಲ.

ಪದಗಳ ನಡುವಣ ಆ ಸಣ್ಣ ತೆರಪು ಎಷ್ಟು ದೊಡ್ಡ ಉಪಕಾರವೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. "ಅವನರಿ" ಎಂದು ಒಟ್ಟಾಗಿ ಬರೆದರೆ ಏನರ್ಥ? "ಅವ ನರಿ" ಎಂದು ಬಿಡಿಸಿದರೆ ಒಬ್ಬನ ಕಪಟಬುದ್ಧಿಯ ವರ್ಣನೆಯಾಯಿತು. "ಅವನ ಅರಿ" ಎಂದು ಬಿಡಿಸಿದರೆ, ಲೋಪಸಂಧಿಯನ್ನು ಓದಿದ ವಿದ್ಯಾರ್ಥಿಗೆ ತಿಳಿಯುವಂತೆ, ಅವನ ಶತ್ರುವಿನ ಮಾತಾಯಿತು. ಹಿಂದಿನ ಓದುಗರಿಗೆ ಇದು ಅಂತಹ ತೊಡಕಾಗಲಿಲ್ಲವೇಕೆಂದರೆ, ಅವರಲ್ಲಿ ಬಹುಮಂದಿ ಓದುಗರಾಗಿರಲಿಲ್ಲ, ಕೇಳುಗರಾಗಿದ್ದರು. ಊರ ಗುಡಿಯ ಜಗುಲಿಯಲ್ಲಿ ಗಮಕಿಯೊಬ್ಬನು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ವಾಚಿಸುತ್ತಿದ್ದನು. ನೂರು ಜನ ಕೇಳುತ್ತಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲಿ ಪದ ಬಿಡಿಸಬೇಕು ಎಂಬುದೆಲ್ಲ ಅವನ ಕಂಠದಲ್ಲಿತ್ತು. ಓಲೆಯಲ್ಲಿಲ್ಲದ ತೆರಪನ್ನು ಗಮಕಿಯ ಉಸಿರು ತುಂಬಿಕೊಡುತ್ತಿತ್ತು.

ಅಚ್ಚು ಬಂದಮೇಲೆ ಈ ವ್ಯವಸ್ಥೆ ಬದಲಾಯಿತು. ಒಂದೇ ಪುಸ್ತಕದ ನೂರಾರು ಪ್ರತಿಗಳು ನೂರಾರು ಮನೆಗಳನ್ನು ಸೇರಿದವು. ಪ್ರತಿಯೊಬ್ಬನೂ ಒಂಟಿಯಾಗಿ, ಮೌನವಾಗಿ, ತನ್ನಷ್ಟಕ್ಕೆ ತಾನು ಓದತೊಡಗಿದನು. ಗಮಕಿಯ ಕೆಲಸವೆಲ್ಲ ಪುಟದ ಪಾಲಿಗೆ ಬಂದಿತು. ಕನ್ನಡ ಅಚ್ಚಿನ ಮೊದಲ ಹೆಜ್ಜೆಗಳು ಮೂಡಿದುದು ಬೆಂಗಳೂರಿನಲ್ಲಿ ಅಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮುದ್ರಣಾಲಯವನ್ನು ತೆರೆದರು. ಅದು ಕಲ್ಲಚ್ಚಿನ ಮುದ್ರಣಾಲಯ. ಎಣ್ಣೆ ಬೆರೆತ ಮಸಿಯಿಂದ ಬರೆದುದನ್ನು ನುಣುಪಾದ ಕಲ್ಲಿಗೆ ಇಳಿಸಿ, ಕಲ್ಲನ್ನು ನೀರಿನಿಂದ ತೇವಗೊಳಿಸಿ, ಮೇಲೆ ಮಸಿ ಉರುಳಿಸಿದರೆ ತೇವವಿದ್ದೆಡೆ ಮಸಿ ಹತ್ತುವುದಿಲ್ಲ, ಬರೆಹವಿದ್ದೆಡೆ ಹತ್ತುತ್ತದೆ. ಅದರ ಮೇಲೆ ಕಾಗದವನ್ನು ಒತ್ತಿದರೆ ಕೈಬರಹವೇ ಅಚ್ಚಾಗಿ ಮೂಡುತ್ತದೆ. ಹರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಆರಂಭಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದು ಇಂತಹ ಕಲ್ಲಿನಿಂದಲೇ ಹೊರಬಂದಿತು. ಮರುವರ್ಷ ಅದರ ಮುದ್ರಣವನ್ನು ಬಳ್ಳಾರಿಗೆ ಸಾಗಿಸಿ, 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿದರು. ಬಳ್ಳಾರಿಯಲ್ಲಿ ಸೀಸದ ಅಚ್ಚುಮೊಳೆಗಳಿದ್ದುದೇ ಇದಕ್ಕೆ ಮುಖ್ಯ ಕಾರಣ. ಮೊಳೆಯ ಅಕ್ಷರ ಒಂದರಂತೆ ಮತ್ತೊಂದಿರುತ್ತದೆ; ಬರೆಯುವವನ ಕೈ ನಡುಗಿದರೆ ಅದು ನಡುಗುವುದಿಲ್ಲ.

ಮೊಳೆ ಜೋಡಿಸುವ ಕೆಲಸ ಕನ್ನಡದಲ್ಲಿ ಸುಲಭವಾಗಿರಲಿಲ್ಲ. ವರ್ಣಮಾಲೆಯಲ್ಲಿ ಅಕ್ಷರಗಳು ೪೯ ಎಂದು ಎಲ್ಲರೂ ಬಲ್ಲರು. ಆದರೆ ಕಾಗುಣಿತವನ್ನು ಲೆಕ್ಕ ಹಾಕಿದರೆ ೩೪ ವ್ಯಂಜನಗಳಿಗೆ ೧೩ ಸ್ವರಗಳಂತೆ ೪೪೨ ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು ಬೇರೆ. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಸೇರಿದರೂ ೫೨. ಹೀಗಾಗಿ ಕನ್ನಡದ ಅಚ್ಚುಕೂಟಗಳಲ್ಲಿ ಮೊಳೆಗಳ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಹಬ್ಬಿರುತ್ತಿದ್ದವು. ಕಂಪಾಸಿಟರನು ಎದ್ದು ನಿಂತು, ಕಣ್ಣನ್ನು ಬರೆಹದ ಮೇಲಿಟ್ಟು, ಕೈಯನ್ನು ಪೆಟ್ಟಿಗೆಯ ನೂರಾರು ಗೂಡುಗಳಲ್ಲಿ ಆಡಿಸುತ್ತ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರಗಳನ್ನು ಸಾಲಾಗಿ ಜೋಡಿಸಬೇಕಾಗಿತ್ತು. ಆತನ ಹೆಸರು ಯಾವ ಪುಸ್ತಕದ ಮುಖಪುಟದಲ್ಲಿಯೂ ಬರಲಿಲ್ಲ. ಕನ್ನಡ ಪುಟದ ಹದವನ್ನು ಬೆರಳ ತುದಿಯಲ್ಲಿ ಬಲ್ಲವನಾದರೋ ಅವನೇ.

ಕಂಪಾಸಿಟರನು ಬಲ್ಲ ಮೊದಲ ಗುಟ್ಟು ಮೊಳೆಯ ಶುಚಿತ್ವ. ಕನ್ನಡದ ಕೆಲವು ಅಕ್ಷರಗಳ ನಡುವಣ ವ್ಯತ್ಯಾಸ ಬಹು ಸೂಕ್ಷ್ಮವಾದುದು. 'ರ' ಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ 'ಠ' ಆಗುತ್ತದೆ. ಸವೆದ ಮೊಳೆಯಲ್ಲಿ ಆ ಚುಕ್ಕೆ ಅಳಿಸಿದರೆ 'ಮಠ' ಹೋಗಿ 'ಮರ'ವಾಗುತ್ತದೆ. 'ದ' ಕಾರದ ಕೆಳಗೆ ಒಂದು ಸೀಳು ಇದ್ದರೆ 'ಧ'. ಮಸಿ ಹೆಚ್ಚಾಗಿ ಸೀಳು ಮುಚ್ಚಿಹೋದರೆ 'ಧನ'ವಂತನ ಮನೆಯಲ್ಲಿ ಉಳಿಯುವುದು 'ದನ'ವೇ. ಪೂರ್ವಾಪರ ಸಂಬಂಧದಿಂದ ಅರ್ಥವನ್ನು ಊಹಿಸಿಕೊಳ್ಳಬಹುದೆಂಬುದು ನಿಜ. ಆದರೆ ಊಹಿಸುತ್ತ ಓದುವುದು ಕಲ್ಲುಮುಳ್ಳಿನ ದಾರಿಯಲ್ಲಿ ಕೆಳಗೆ ನೋಡುತ್ತ ನಡೆದಂತೆ. ಸುತ್ತಣ ನೋಟದ ಸೊಗಸು ದಕ್ಕುವುದಿಲ್ಲ. ಹೊಸದಾಗಿ ಅಕ್ಷರ ಕಲಿತವರಿಗೆ, ಕಣ್ಣಿಗೆ ಪೊರೆ ಬಂದ ಮುದುಕರಿಗೆ ಆ ಊಹೆಯೂ ಸಾಧ್ಯವಾಗದು. ಅಕ್ಷರದ ಗಾತ್ರವನ್ನು ನಿರ್ಧರಿಸುವಾಗ ಮೊದಲು ನೆನೆಯಬೇಕಾದವರು ಅವರೇ.

ಗಾತ್ರದ ಲೆಕ್ಕವೂ ಕನ್ನಡದಲ್ಲಿ ತುಸು ಬೇರೆ. ಅಚ್ಚಿನವರು ಮೊಳೆಯನ್ನು ಪಾಯಿಂಟುಗಳಲ್ಲಿ ಅಳೆಯುತ್ತಾರೆ. ೭೨ ಪಾಯಿಂಟುಗಳಾದರೆ ಸುಮಾರು ಒಂದು ಅಂಗುಲ. ಆದರೆ ೧೨ ಪಾಯಿಂಟೆಂದರೆ ಅಕ್ಷರದ ಒಡಲಿನ ಎತ್ತರವಲ್ಲ, ಅದು ಕುಳಿತಿರುವ ಸೀಸದ ತುಂಡಿನ ಎತ್ತರ. ಇಂಗ್ಲಿಷ್ ಅಕ್ಷರಗಳು ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಕೆಲವು ಮಾತ್ರ ಮೇಲಕ್ಕೆ ಕತ್ತು ಚಾಚುತ್ತವೆ, ಕೆಲವು ಕೆಳಕ್ಕೆ ಕಾಲು ಚಾಚುತ್ತವೆ. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು, ಬಲಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ', 'ಶಾಸ್ತ್ರ' ಮೊದಲಾದ ಪದಗಳಲ್ಲಿ ಒಂದರ ಕೆಳಗೊಂದು, ಮತ್ತೊಂದು ಎಂದು ಮೂರು ಅಂತಸ್ತಿನ ಕಟ್ಟಡವೇ ಏಳುತ್ತದೆ. ಇಷ್ಟಕ್ಕೂ ಎಡೆ ಬಿಡಬೇಕಾದುದರಿಂದ ನಡುವಣ ಒಡಲು ಸಣ್ಣದಾಗುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಹಿತವೆನಿಸುವ ಗಾತ್ರವನ್ನೇ ಕನ್ನಡಕ್ಕೂ ಹಿಡಿದರೆ ಓದುಗನು ಹಾಳೆಯನ್ನು ಮೂಗಿನ ಹತ್ತಿರಕ್ಕೆ ತರಬೇಕಾಗುತ್ತದೆ.

ಗಾತ್ರಕ್ಕಿಂತಲೂ ಮುಖ್ಯವಾದುದು ಸಾಲುಗಳ ನಡುವಣ ಅಂತರ. ಮೊಳೆಯ ಕಾಲದಲ್ಲಿ ಎರಡು ಸಾಲುಗಳ ನಡುವೆ ಸೀಸದ ತೆಳುಪಟ್ಟಿಯನ್ನು ತೂರಿಸುತ್ತಿದ್ದರು. ಅದನ್ನು ಅಚ್ಚುಕೂಟದಲ್ಲಿ 'ಲೆಡ್' ಎಂದು ಕರೆಯುತ್ತಿದ್ದರು. ಪಟ್ಟಿ ತೆಗೆದರೆ ಪುಟಕ್ಕೆ ನಾಲ್ಕಾರು ಸಾಲು ಹೆಚ್ಚು ಹಿಡಿಯುತ್ತವೆ, ಕಾಗದ ಉಳಿಯುತ್ತದೆ. ಕಾಗದದ ಅಭಾವದ ದಿನಗಳಲ್ಲಿ ಹಾಗೆ ಮಾಡಿದವರನ್ನು ಆಕ್ಷೇಪಿಸಲಾಗದು. ಆದರೆ ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ಗುಡಿಸಿಗೂ ಜಗಳ ಹತ್ತುವುದು ಅಲ್ಲಿಯೇ. ಒಂದು ಸಾಲನ್ನು ಮುಗಿಸಿದ ಕಣ್ಣು ಹಿಂದಿರುಗಿ ಮುಂದಿನ ಸಾಲಿನ ಆರಂಭವನ್ನು ಹುಡುಕುವಾಗ, ನಡುವೆ ಬಿಳಿಯ ಓಣಿಯೊಂದು ಸ್ಪಷ್ಟವಾಗಿ ಕಾಣದಿದ್ದರೆ ಓದಿದ ಸಾಲಿಗೇ ಮತ್ತೆ ಬಂದು ನಿಲ್ಲುತ್ತದೆ. ಕಿರಿಯ ಮಕ್ಕಳು ಸಾಲಿನ ಕೆಳಗೆ ಬೆರಳಿಟ್ಟು ಓದುವುದೇಕೆ? ಪುಟ ಮಾಡಬೇಕಾದ ಕೆಲಸವನ್ನು ಅವರು ಬೆರಳಿನಿಂದ ಮಾಡಿಕೊಳ್ಳುತ್ತಾರೆ.

ಸಾಲು ಬಹಳ ಉದ್ದವಾದರೂ ಇದೇ ತೊಂದರೆ. ಡೆಮಿ ಅಷ್ಟಪತ್ರದ ಪುಸ್ತಕವನ್ನು ಕೈಯಲ್ಲಿ ಹಿಡಿದರೆ ಒಂದು ಸಾಲಿನಲ್ಲಿ ಏಳೆಂಟು ಪದಗಳಿರುತ್ತವೆ; ಅದು ಕಣ್ಣಿಗೆ ಹಿತವಾದ ಅಳತೆ. ಹಾಗೆಂದು ಸಾಲನ್ನು ಬಹಳ ಕಿರಿದು ಮಾಡಿದರೆ ಕನ್ನಡದಲ್ಲಿ ಮತ್ತೊಂದು ತೊಡಕು ಎದುರಾಗುತ್ತದೆ. ಕನ್ನಡ ಪದಗಳು ಪ್ರತ್ಯಯಗಳನ್ನು ಹತ್ತಿಸಿಕೊಂಡು ಬೆಳೆಯುತ್ತವೆ. 'ಮಾಡಬೇಕಾಗಿರುವುದರಿಂದ', 'ಹೊರಟುಹೋದವರನ್ನೂ' ಎಂಬಂತಹ ಪದಗಳು ವೃತ್ತಪತ್ರಿಕೆಯ ಕಿರಿಯ ಕಾಲಮ್ಮಿನಲ್ಲಿ ಒಂದೊಂದೇ ಒಂದೊಂದು ಸಾಲನ್ನು ಆಕ್ರಮಿಸುತ್ತವೆ. ಎಡಬಲಗಳ ಅಂಚನ್ನು ಸಮಗೊಳಿಸುವ ಹಟಕ್ಕೆ ಬಿದ್ದರೆ, ಇದ್ದ ಎರಡು ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡಬೇಕಾಗುತ್ತದೆ. ಇಲ್ಲವೇ ಪದವನ್ನು ಒಡೆಯಬೇಕು. ಒಡೆಯುವುದಾದರೂ ಹೇಗೆಂದರೆ ಹಾಗಲ್ಲ. 'ಮರಣ'ವನ್ನು ಒಡೆದು ಮೇಲಿನ ಸಾಲಿನಲ್ಲಿ 'ಮರ'ವನ್ನೂ ಕೆಳಗಿನ ಸಾಲಿನಲ್ಲಿ 'ಣ'ವನ್ನೂ ನಿಲ್ಲಿಸಿದರೆ ಓದುಗನು ಮೊದಲು ಮರವನ್ನು ಕಂಡು ಆಮೇಲೆ ಬೆಚ್ಚಿಬೀಳುತ್ತಾನೆ. ಕಿರಿಯ ಸಾಲಿನಲ್ಲಿ ಎಡದ ಅಂಚನ್ನು ಮಾತ್ರ ನೇರವಾಗಿಟ್ಟು ಬಲದ ಅಂಚನ್ನು ಹೇಗಿದ್ದರೆ ಹಾಗೆ ಬಿಡುವುದೇ ವಿವೇಕ. ಅಂಚು ಏರುಪೇರಾಗಿ ಕಂಡರೆ ಕಾಣಲಿ, ಓದು ಏರುಪೇರಾಗಬಾರದು.

ಕನ್ನಡಕ್ಕೆ ಇನ್ನೊಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲ ಅಕ್ಷರ ದೊಡ್ಡದಾಗಿರುತ್ತದೆ, ಹೆಸರುಗಳ ಮೊದಲ ಅಕ್ಷರವೂ ಹಾಗೆಯೇ. ಕನ್ನಡದಲ್ಲಿ ದೊಡ್ಡ ಅಕ್ಷರವೆಂಬ ಭೇದವಿಲ್ಲ. ಅರಸನ ಹೆಸರಿಗೂ ಆಳಿನ ಹೆಸರಿಗೂ ಒಂದೇ ಅಳತೆ. ಇದು ಒಳ್ಳೆಯ ಗುಣವೇ ಸರಿ. ಆದರೆ ವಾಕ್ಯ ಮುಗಿಯಿತೆಂದು ತಿಳಿಸುವ ಹೊಣೆ ಪೂರ್ತಿಯಾಗಿ ಒಂದು ಚುಕ್ಕೆಯ ಮೇಲೆ, ಅದರ ಮುಂದಣ ತೆರಪಿನ ಮೇಲೆ ಬೀಳುತ್ತದೆ. ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಕೊನೆಗಾಣುವುದರಿಂದ ಅಷ್ಟಿಷ್ಟು ಸಹಾಯವಾಗುತ್ತದೆ. ಆದರೂ ಚುಕ್ಕೆ ಅಳಿಸಿಹೋದ ಪುಟದಲ್ಲಿ ವಾಕ್ಯಗಳು ಒಂದರ ಮೇಲೊಂದು ಮುಗ್ಗರಿಸುತ್ತವೆ. ಇದರಂತೆಯೇ, ಒತ್ತಿ ಹೇಳಬೇಕಾದ ಮಾತನ್ನು ಇಂಗ್ಲಿಷಿನವರು ವಾರೆಯಾದ ಅಕ್ಷರದಲ್ಲಿ ಅಚ್ಚು ಮಾಡುತ್ತಾರೆ. ಅದನ್ನು ನೋಡಿ ದುಂಡಾದ ಕನ್ನಡ ಅಕ್ಷರವನ್ನೂ ವಾರೆ ಮಾಡಿದರೆ ಅದು ಬೀಳುತ್ತಿರುವ ಕೊಡದಂತೆ ಕಾಣುತ್ತದೆ. ಕನ್ನಡಕ್ಕೆ ದಪ್ಪ ಮೊಳೆ ಒಪ್ಪುತ್ತದೆ. ಅದೂ ಊಟದಲ್ಲಿ ಉಪ್ಪಿನಕಾಯಿಯಷ್ಟು ಇದ್ದರೆ ಸಾಕು. ಪುಟವೆಲ್ಲ ದಪ್ಪವಾದರೆ ಯಾವುದೂ ದಪ್ಪವಲ್ಲ.

ಓದುಗರೆಲ್ಲರೂ ಒಂದೇ ರೀತಿಯಲ್ಲಿ ಓದುವುದಿಲ್ಲ ಎಂಬುದನ್ನೂ ಪುಟವನ್ನು ಅಣಿಗೊಳಿಸುವವನು ಅರಿತಿರಬೇಕು. ಕಥೆಯನ್ನು ಓದುವವನು ಮೊದಲಿಂದ ಕೊನೆಯವರೆಗೆ ನಡೆಯುತ್ತಾನೆ. ನಿಘಂಟನ್ನು ತೆರೆಯುವವನು ಒಂದೇ ಮನೆಯ ಬಾಗಿಲನ್ನು ತಟ್ಟಿ ಹಿಂದಿರುಗುತ್ತಾನೆ. ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಅದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿ ೧೭೦೦ಕ್ಕೂ ಹೆಚ್ಚು ಪುಟಗಳು, ಸುಮಾರು ೭೦,೦೦೦ ಪದಗಳು. ಕನ್ನಡ ಪದ ಮೊದಲು, ಅದರ ಉಚ್ಚಾರಣೆ ರೋಮನ್ ಲಿಪಿಯಲ್ಲಿ ಅನಂತರ, ಅರ್ಥ ಆ ಬಳಿಕ. ಈ ಕ್ರಮ ಒಂದು ಪುಟದಲ್ಲಿಯೂ ತಪ್ಪದಿರುವುದರಿಂದಲೇ ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಪದವನ್ನು ಕ್ಷಣಮಾತ್ರದಲ್ಲಿ ಹಿಡಿಯಬಹುದಾಗಿದೆ. ಮಲ್ಲೇಶ್ವರದ ಅಡ್ಡರಸ್ತೆಗಳ ಅಂಕಿಗಳು ಮಾಡುವ ಕೆಲಸವೂ ಇದೇ. ಪಾಠಪುಸ್ತಕ, ಪ್ರಬಂಧ, ಪತ್ರಿಕೆಗಳಲ್ಲಿ ಈ ಕೆಲಸವನ್ನು ಶೀರ್ಷಿಕೆ, ಉಪಶೀರ್ಷಿಕೆ, ಪರಿವಿಡಿ, ಪುಟಸಂಖ್ಯೆಗಳು ಮಾಡುತ್ತವೆ. ಶೀರ್ಷಿಕೆ ವಿಷಯವನ್ನು ಹೇಳಬೇಕು, ಒಗಟನ್ನು ಒಡ್ಡಬಾರದು. ವಿಚಾರ ಬದಲಾದಲ್ಲಿ ಹೊಸ ವಾಕ್ಯವೃಂದ ಆರಂಭವಾಗಬೇಕು. ಅದು ಓದುಗನಿಗೆ ಉಸಿರೆಳೆದುಕೊಳ್ಳುವ ತಾಣ.

ಇನ್ನು ಅಲಂಕಾರ. ಹೂಬಳ್ಳಿಯ ಅಂಚು, ಬಣ್ಣದ ಹಿನ್ನೆಲೆ, ಮೂಲೆಮೂಲೆಗೊಂದು ಚಿತ್ರ — ಪುಟವನ್ನು ಆಕರ್ಷಕಗೊಳಿಸಬೇಕೆಂದು ಹೊರಟವರು ಮೊದಲು ಕೈಹಾಕುವುದು ಇವಕ್ಕೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಾಳವೆಂದು ಪ್ರತಿಪಾದಿಸಿದನು. ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿದರೆ ಹಾರದ ಬೆಲೆ ಕಡಿಮೆಯಾಗದಿದ್ದರೂ ಧರಿಸಿದವರು ನಗೆಗೀಡಾಗುತ್ತಾರೆ. ಪುಟದ ವಿಷಯದಲ್ಲಿಯೂ ಹಾಗೆ. ಬೆಳಗಾಗೆದ್ದು ಬಾಗಿಲಲ್ಲಿ ರಂಗೋಲಿ ಹಾಕುವ ಗೃಹಿಣಿ ಮೊದಲು ಚುಕ್ಕೆಗಳನ್ನಿಡುತ್ತಾಳೆ. ಚುಕ್ಕೆಗಳ ನಡುವಣ ಅಂತರ ಸರಿಬಿದ್ದ ಮೇಲೆಯೇ ಎಳೆ, ಬಣ್ಣ. ಅಂತರ ತಪ್ಪಿದ ರಂಗೋಲಿಗೆ ಎಷ್ಟು ಬಣ್ಣ ತುಂಬಿದರೂ ಅದು ನೇರ್ಪಡದು. ಬಿಳಿಯ ಹಾಳೆಯ ಮೇಲೆ ಕಪ್ಪು ಅಕ್ಷರ ಸಪ್ಪೆಯೆನಿಸಬಹುದು. ಆದರೆ ಹಳದಿಯ ಮೇಲೆ ಬಿಳಿಯನ್ನೋ ಕೆಂಪಿನ ಮೇಲೆ ಹಸಿರನ್ನೋ ಬರೆದರೆ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಕೆಂಪು, ಹಸಿರುಗಳ ಭೇದವನ್ನು ಕಾಣಲಾರದ ಕಣ್ಣುಗಳೂ ಇರುತ್ತವೆಂಬುದು ನೆನಪಿರಬೇಕು. ಚಿತ್ರವಿದ್ದರೆ ಅದು ಮಾತಿಗೆ ಹತ್ತಿರವಿರಬೇಕು, ಅಡಿಯಲ್ಲಿ ಒಂದು ವಿವರಣೆ ಇರಬೇಕು. ಏನನ್ನೂ ಹೇಳದ ಚಿತ್ರಕ್ಕಿಂತ ಖಾಲಿ ಸ್ಥಳ ಮೇಲು.

ಅಂಚಿನ ಖಾಲಿ ಸ್ಥಳವನ್ನು ವ್ಯರ್ಥವೆಂದು ತಿಳಿಯುವವರುಂಟು. ಪುಸ್ತಕದ ಒಳಅಂಚು ಕಿರಿದಾದರೆ ಹೊಲಿಗೆಯ ಕಡೆಗೆ ಅಕ್ಷರಗಳು ನುಸುಳಿಹೋಗುತ್ತವೆ. ಓದಬೇಕಾದರೆ ಪುಸ್ತಕದ ಬೆನ್ನು ಮುರಿಯಬೇಕು. ಹೊರಅಂಚು ಇರುವುದು ಹೆಬ್ಬೆರಳಿಗಾಗಿ.

ಸಂಪಿಗೆ ರಸ್ತೆಯ ಅಂಗಡಿಗಳ ಮುಂದೆ ತೂಗುವ ಫಲಕಗಳೂ ಒಂದು ಬಗೆಯ ಪುಟಗಳೇ. ಪುಸ್ತಕವನ್ನು ಕುಳಿತು ಓದುವವನಿಗೆ ಬಿಡುವಿದೆ. ಬಸ್ಸಿನಲ್ಲಿ ಹೋಗುವವನಿಗೆ ಫಲಕ ಕಣ್ಣಿಗೆ ಬೀಳುವುದು ಎರಡು ಕ್ಷಣ. ರಸ್ತೆಯ ದಕ್ಷಿಣದ ತುದಿಯಲ್ಲಿ ೨೦೧೪ರಲ್ಲಿ ಮೆಟ್ರೋ ನಿಲ್ದಾಣ ತೆರೆಯಿತು. ಚಲಿಸುವ ಗಾಡಿಯೊಳಗಿಂದ ನಿಲ್ದಾಣದ ಹೆಸರನ್ನು ಹುಡುಕುವ ಪ್ರಯಾಣಿಕನಿಗೆ ಬೇಕಾದುದು ಅಲಂಕಾರವಲ್ಲ, ದಪ್ಪನಾದ, ಬಿಡಿಬಿಡಿಯಾದ, ದೂರದಿಂದಲೂ ಒತ್ತು ಕಾಣುವ ಅಕ್ಷರ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿ ತಂದು, ನಾಮಫಲಕಗಳಲ್ಲಿ ಶೇಕಡ ೬೦ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿತು. ಅದು ಆಗಬೇಕಾಗಿದ್ದ ಕೆಲಸವೇ. ಆದರೆ ಕಾಯಿದೆ ಅಳೆಯಬಲ್ಲುದು ಜಾಗವನ್ನು ಮಾತ್ರ. ಇಂಗ್ಲಿಷ್ ಹೆಸರನ್ನು ಒಬ್ಬ ಕುಶಲ ಚಿತ್ರಕಾರನಿಂದ ಬರೆಯಿಸಿ, ಕನ್ನಡವನ್ನು ಸಿಕ್ಕಿದ ಅಕ್ಷರದಲ್ಲಿ ಎಳೆದು ಹಿಗ್ಗಿಸಿ ತುಂಬಿದ ಫಲಕ ಕಾಯಿದೆಗೆ ವಿಧೇಯವಾಗಿರಬಹುದು; ಓದುಗನಿಗೆ ಅಲ್ಲ. ಅಡ್ಡಡ್ಡಲಾಗಿ ಹಿಗ್ಗಿಸಿದ ಕನ್ನಡ ಅಕ್ಷರದಲ್ಲಿ 'ಧ'ದ ಸೀಳು, 'ಠ'ದ ಚುಕ್ಕೆಗಳು ಆಕಾರಗೆಡುತ್ತವೆ. ದಾರಿಹೋಕನು ಸುಲಭವಾದ ಲಿಪಿಯತ್ತ ತಾನಾಗಿಯೇ ಕಣ್ಣು ಹೊರಳಿಸುತ್ತಾನೆ.

ಯಂತ್ರಕ್ಕಾಗಿ ಲಿಪಿಯನ್ನೇ ಬದಲಾಯಿಸಬೇಕೆಂಬ ಸಲಹೆಗಳೂ ಇಪ್ಪತ್ತನೆಯ ಶತಮಾನದಲ್ಲಿ ಬಾರದಿರಲಿಲ್ಲ. ಬೆರಳಚ್ಚು ಯಂತ್ರದಲ್ಲಿದ್ದ ಕೀಲಿಗಳು ೫೦ಕ್ಕೂ ಕಡಿಮೆ; ಕೀಲಿಗೆರಡರಂತೆ ಲೆಕ್ಕ ಹಾಕಿದರೂ ಚಿಹ್ನೆಗಳು ೧೦೦ನ್ನು ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ೪೪೨ ರೂಪಗಳನ್ನೂ ಒತ್ತುಗಳನ್ನೂ ತುಂಡುತುಂಡಾಗಿ ಜೋಡಿಸಬೇಕಾಗಿತ್ತು. ಅಕ್ಷರ ಒಂದೆಡೆ, ಅದರ ಒತ್ತು ಇನ್ನೊಂದೆಡೆ ಬೀಳುತ್ತಿತ್ತು. ಗಣಕಯಂತ್ರ ಬಂದಮೇಲೆ ಈ ಬಿಕ್ಕಟ್ಟು ಸಡಿಲಿತು. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡದ ವರ್ಣಗಳ ಕ್ರಮವನ್ನೇ ಅನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಬರೆಯುವವನು ಧ್ವನಿಗಳನ್ನು ಒತ್ತಿದರೆ ಸಾಕು, ಗುಣಿತವನ್ನೂ ಒತ್ತನ್ನೂ ಯಂತ್ರವೇ ಕೂಡಿಸುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದು ಎಲ್ಲೆಡೆ ಬಳಕೆಗೆ ಬರುವವರೆಗೆ ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದುದುಂಟು. ಇಂದು ಬಳ್ಳಾರಿಯಲ್ಲಿ ಬರೆದುದನ್ನು ಕಾಸರಗೋಡಿನಲ್ಲಿ ಯಾರಾದರೂ ಅಂಗೈಯ ಪರದೆಯ ಮೇಲೆ ಓದಬಹುದು.

ಪರದೆಯೂ ಪುಟವೇ. ಅಲ್ಲಿ ಸಾಲು ಕಿರಿದು. ಆದುದರಿಂದ ಅಂಚು ಸಮಗೊಳಿಸುವ ಹಟ ಅಲ್ಲಿ ಇನ್ನೂ ಸಲ್ಲದು. ಹೊಳೆಯುವ ಹಿನ್ನೆಲೆಯ ಮೇಲೆ ತೆಳುವಾದ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ. ಅಲ್ಲಿ ಲೆಡ್ಡಿನ ಖರ್ಚಿಲ್ಲ, ಕಾಗದದ ಅಭಾವವಿಲ್ಲ. ಸಾಲುಗಳನ್ನು ಎಷ್ಟು ದೂರ ಬೇಕಾದರೂ ಇಡಬಹುದು. ಆದರೂ ಇಂಗ್ಲಿಷಿಗೆಂದು ನಿಗದಿಯಾದ ಅಂತರವನ್ನು ಕನ್ನಡಕ್ಕೂ ಹಾಗೆಯೇ ಬಿಟ್ಟು, ಒತ್ತುಗಳ ಕಾಲು ಕತ್ತರಿಸಿರುವ ಪರದೆಗಳು ಇಂದಿಗೂ ಕಾಣಸಿಗುತ್ತವೆ. ಅದನ್ನು ಸರಿಪಡಿಸಲು ಒಂದು ಅಂಕಿಯನ್ನು ಬದಲಿಸಿದರೆ ಸಾಕು. ಬದಲಿಸಬೇಕೆಂದು ಯಾರಿಗಾದರೂ ತೋರಬೇಕಷ್ಟೆ.

ಶಾಲೆಯ ಭಿತ್ತಿಪತ್ರಿಕೆಯನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳಿಗೆ ಇದೆಲ್ಲವನ್ನೂ ಪರೀಕ್ಷಿಸಿ ನೋಡುವ ಅವಕಾಶವುಂಟು. ಬರೆದ ಹಾಳೆಯನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ಶೀರ್ಷಿಕೆಯನ್ನೂ ಮೂರು ಹೆಜ್ಜೆ ದೂರದಿಂದ ಒಳಗಿನ ಬರೆಹವನ್ನೂ ಓದಬೇಕು. ಆದರ ಅದನ್ನು ಬರೆದವನು ಓದಬಾರದು. ಅವನಿಗೆ ಅದು ಬಾಯಿಪಾಠವಾಗಿರುತ್ತದೆ. ಕೆಳತರಗತಿಯ ಒಬ್ಬ ಬಾಲಕನನ್ನು ಕರೆದು ಗಟ್ಟಿಯಾಗಿ ಓದಿಸಬೇಕು. ಅವನು ಎಲ್ಲಿ ತಡವರಿಸುತ್ತಾನೋ, ಎಲ್ಲಿ ಸಾಲು ತಪ್ಪುತ್ತಾನೋ ಅಲ್ಲಿ ಸೀಸದಕಡ್ಡಿಯಿಂದ ಒಂದು ಗುರುತು ಹಾಕಿಕೊಳ್ಳಬೇಕು. ಅವನನ್ನು ತಿದ್ದಬಾರದು. ಹಾಳೆಯನ್ನು ಗೋಡೆಯಿಂದ ಇಳಿಸಿ, ಗುರುತಿದ್ದ ಕಡೆಯಲ್ಲೆಲ್ಲ ತೆರಪು ಹೆಚ್ಚಿಸಿ ಮತ್ತೊಮ್ಮೆ ಬರೆಯಬೇಕು.